ಕೊನೆಯಾಟದ ಕಗ್ಗಂಟು, ಎಂಜಿನ್ನಿನ ಅಂಕಿ

ಹಾಸನದ ಬಿ.ಎಂ. ರಸ್ತೆಗೆ ಹತ್ತಿರದ ಒಂದು ಮಹಡಿಯ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾವು ಏಳೆಂಟು ಮಂದಿ ಚದುರಂಗದ ಹುಚ್ಚಿನವರು ಸೇರುತ್ತೇವೆ. ವಾರದಲ್ಲಿ ಯಾರಾದರೂ ಟೂರ್ನಿಯಲ್ಲಿ ಆಡಿ ಬಂದಿದ್ದರೆ ಅವರ ಸ್ಕೋರ್‌ಶೀಟ್ ಮೇಜಿನ ಮೇಲೆ ಬರುತ್ತದೆ. ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ ತಂದಿಟ್ಟ ಆಟದ ಕೊನೆಯ ಸ್ಥಿತಿ ಹೀಗಿತ್ತು: ಅವನದು ಬಿಳಿ, ರಾಜ ಜಿ1ರಲ್ಲಿ, ಪದಾತಿ ಜಿ2ರಲ್ಲಿ, ಆನೆ ಎಫ್3ರಲ್ಲಿ, ಎದುರಾಳಿಯ ರಾಜ ಇ5ರಲ್ಲಿ, ಮಂತ್ರಿ ಡಿ2ರಲ್ಲಿ. ಹಲಗೆಯ ಮೇಲೆ ಉಳಿದಿದ್ದವು ಈ ಐದೇ ಕಾಯಿ. (ಮನೆಗಳಿಗೆ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗೆ ಅಕ್ಷರ, ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8ರವರೆಗೆ ಅಂಕಿ.) ನಡೆ ಅವನದಾಗಿತ್ತು, ಗಡಿಯಾರದಲ್ಲಿ ಆರು ನಿಮಿಷ ಬಾಕಿ ಇತ್ತು. ಅವನು ಕೈಕುಲುಕಿ ಸೋಲೊಪ್ಪಿಕೊಂಡು ಎದ್ದುಬಂದಿದ್ದ.

"ಸರ್, ಮಂತ್ರಿ ಎದುರಿಗೆ ಬರೀ ಆನೆ. ಎಂಜಿನ್ ಕೂಡ ಮೈನಸ್ ನಾಲ್ಕು ತೋರಿಸ್ತಿದೆ. ರಿಸೈನ್ ಮಾಡಿದ್ದೇ ಸರಿ ಅಲ್ವಾ?" ಎಂದು ಫೋನನ್ನು ಮುಂದೆ ಹಿಡಿದ. ಎಂಜಿನ್ ಎಂದರೆ ಸ್ಥಿತಿಯನ್ನು ನೋಡಿ ಯಾರು ಎಷ್ಟು ಮುಂದೆ ಎಂದು ಅಂಕಿಯಲ್ಲಿ ಹೇಳುವ ಚದುರಂಗದ ಪ್ರೋಗ್ರಾಮು; ಮೈನಸ್ ಎಂದರೆ ಕಪ್ಪಿನ ಕೈ ಮೇಲು. ಹಳೆಯ ಆ್ಯಪ್ ಒಂದರಲ್ಲಿ ಆ ಅಂಕಿಯನ್ನು ತೋರಿಸುವ ಪಟ್ಟಿ ಪೂರಾ ಕಪ್ಪಿನ ಕಡೆಗೆ ವಾಲಿತ್ತು.

ಸರಿಯಲ್ಲ. ಆ ಸ್ಥಿತಿ ಡ್ರಾ. ಜಿ2ರ ಪದಾತಿ ಎಫ್3, ಎಚ್3 ಎರಡೂ ಮನೆಗಳನ್ನು ಕಾಯುತ್ತದೆ. ರಾಜ ಪದಾತಿಯನ್ನು ಕಾಯುತ್ತಾನೆ. ಆನೆ ಈ ಎರಡು ಮನೆಗಳ ನಡುವೆ ಹೋಗಿ ಬಂದು ಮಾಡುತ್ತಿದ್ದರೆ ಮೂರನೇ ಸಾಲು ಮುಚ್ಚಿಯೇ ಇರುತ್ತದೆ, ಕಪ್ಪು ರಾಜ ಅದನ್ನು ದಾಟಿ ಒಳಗೆ ಬರಲಾರ, ರಾಜನ ಬೆಂಬಲವಿಲ್ಲದ ಮಂತ್ರಿಯೊಂದೇ ಚೆಕ್ ಕೊಡಬಹುದೇ ಹೊರತು ಮೇಟ್ ಮಾಡಲಾರದು. ಚದುರಂಗದವರು ಇಂಥದನ್ನು ಕೋಟೆ ಎನ್ನುತ್ತಾರೆ. ಮಂಜರಾಬಾದ್ ಕೋಟೆಯ ಊರಿನ ಕಡೆಯ ಹುಡುಗ, ತನ್ನ ಕೋಟೆಯ ಬಾಗಿಲನ್ನು ತಾನೇ ತೆರೆದುಕೊಟ್ಟು ಬಂದಿದ್ದ. ಅವನ ತಪ್ಪಿಗಿಂತ ನನ್ನನ್ನು ಹೆಚ್ಚು ಕಾಡಿದ್ದು, ಆಟ ಮುಗಿದ ಮೇಲೂ ಎಂಜಿನ್ ಆ ತಪ್ಪನ್ನೇ ಸಮರ್ಥಿಸಿತು ಎಂಬುದು.

ಇದು ಒಬ್ಬ ಹುಡುಗನ ಕಥೆಯಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟದ ಕೋಚ್‌ ಒಬ್ಬರ ಎದುರು ವಾರವಾರ ಕೂರುವ ಅವಕಾಶ ಹೆಚ್ಚಿನ ಮಕ್ಕಳಿಗೆ ಇಲ್ಲ. ಬೆಂಗಳೂರಿಗೋ ಮೈಸೂರಿಗೋ ಹೋಗಿ ಬರುವುದು ಎಲ್ಲರ ಕೈಲಾಗುವ ಮಾತಲ್ಲ. ಹಾಗಾಗಿ ಇಲ್ಲಿ ಎಂಜಿನ್ನೇ ಕೋಚ್. ಓಪನಿಂಗ್ ಕಲಿಯುವಾಗ, ಮಧ್ಯದಾಟದಲ್ಲಿ ಕೈತಪ್ಪಿದ ಕುದುರೆಯನ್ನು ಹುಡುಕುವಾಗ ಈ ಕೋಚ್ ಬಹುಮಟ್ಟಿಗೆ ನಂಬಿಕಸ್ಥ. ಎಂಡ್‌ಗೇಮಿನಲ್ಲಿ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯಾಟದಲ್ಲಿ, ಮಾತ್ರ ಅದು ಒಂದೇ ಪರದೆಯ ಮೇಲೆ, ಒಂದೇ ರೀತಿಯ ಅಂಕಿಯಲ್ಲಿ, ಬೇರೆಬೇರೆ ಜಾತಿಯ ಉತ್ತರಗಳನ್ನು ಕೊಡುತ್ತದೆ. ಕೆಲವು ಉತ್ತರ ಗಣಿತದ ಸಾಧನೆಯಷ್ಟು ಖಚಿತ, ಕೆಲವು ಅಂದಾಜು. ಯಾವುದು ಯಾವುದೆಂದು ಬೇರ್ಪಡಿಸಿಕೊಳ್ಳುವ ಹೊಣೆ ನೋಡುವವನದು.

ನಮ್ಮ ಕಡೆಯ ಕಾಫಿ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಗಿಡದ ಮೇಲಿನ ಕಾಯಿ ನೋಡಿ "ಈ ಸಲ ಇಷ್ಟು ಮೂಟೆ" ಎನ್ನುವುದು ಒಂದು ಲೆಕ್ಕ. ಕ್ಯೂರಿಂಗ್ ವರ್ಕ್ಸಿನಲ್ಲಿ ಸಿಪ್ಪೆ ತೆಗೆದು, ತೂಗಿ, ಔಟ್‌ಟರ್ನ್ (ಕಾಯಿಯಿಂದ ಎಷ್ಟು ಬೀಜ ಬಂತೆಂಬ ಲೆಕ್ಕ) ಬರೆದುಕೊಡುವುದು ಇನ್ನೊಂದು ಲೆಕ್ಕ. ತೋಟದ ಲೆಕ್ಕ ನೋಡುವ ಅನುಭವಿ ರೈಟರ್‌ನ ಕಣ್ಣಂದಾಜು ಬಹಳ ಸಲ ಸರಿಯಾಗಿಯೇ ಇರುತ್ತದೆ, ಆದರೂ ಬ್ಯಾಂಕಿನವರು ಅದನ್ನು ತೂಕದ ಚೀಟಿಯೆಂದು ಒಪ್ಪುವುದಿಲ್ಲ.

ಮೊದಲು ಕಣ್ಣಂದಾಜಿನ ವಿಷಯ. ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಸ್ಟಾಕ್‌ಫಿಶ್ 2008ರಲ್ಲಿ, ಟೋರ್ಡ್ ರೊಮ್‌ಸ್ಟಾಡ್ ಬರೆದಿದ್ದ ಗ್ಲೌರಂಗ್ ಎಂಬ ಎಂಜಿನ್ನನ್ನು ಆಧರಿಸಿ ಹುಟ್ಟಿತು. ಅದರ ಕೆಲಸಕ್ಕೆ ಎರಡು ಭಾಗಗಳಿವೆ: ಮುಂದಿನ ನಡೆಗಳ ಕವಲುಗಳನ್ನು ಹುಡುಕುವುದು, ಹುಡುಕಾಟ ನಿಂತ ಕಡೆ ಆ ಸ್ಥಿತಿಗೆ ಬೆಲೆ ಕಟ್ಟುವುದು. ಬೆಲೆ ಕಟ್ಟುವ ನಿಯಮಗಳನ್ನು ಹಿಂದೆ ಮನುಷ್ಯರೇ ಬರೆಯುತ್ತಿದ್ದರು. ಮುಂದೊತ್ತಿದ ಪದಾತಿಗೆ ಇಷ್ಟು, ತೆರೆದ ಸಾಲಿನ ಆನೆಗೆ ಇಷ್ಟು, ಅಂಚಿನ ಪದಾತಿಯ ಜೊತೆಗೆ ತಪ್ಪು ಬಣ್ಣದ ಒಂಟೆಯಿದ್ದರೆ ಡ್ರಾ, ಹೀಗೆ. (ಕಾಯಿಗಳ ಹೆಸರು ಊರಿಂದೂರಿಗೆ ಬದಲಾಗುವುದರಿಂದ ಒಂದು ಮಾತು: ಈ ಬರಹದಲ್ಲಿ ಮೂಲೆಯಿಂದ ನೇರ ಓಡುವುದು ಆನೆ, ಓರೆಯಾಗಿ ಓಡುವುದು ಒಂಟೆ.) ಶೋಗಿ ಎಂಬ ಜಪಾನಿ ಆಟಕ್ಕಾಗಿ ಯು ನಾಸು 2018ರಲ್ಲಿ ರೂಪಿಸಿದ ಎನ್‌ಎನ್‌ಯುಇ ಎಂಬ ಸಣ್ಣ ನರಜಾಲವನ್ನು ಸ್ಟಾಕ್‌ಫಿಶ್ 2020ರ ಸೆಪ್ಟೆಂಬರಿನಲ್ಲಿ ಬಂದ 12ನೇ ಆವೃತ್ತಿಯಲ್ಲಿ ಅಳವಡಿಸಿಕೊಂಡಿತು, 2023ರ ಹೊತ್ತಿಗೆ ಕೈಬರಹದ ಹಳೆಯ ನಿಯಮಗಳನ್ನು ಪೂರ್ತಿ ಕೈಬಿಟ್ಟಿತು. ಈಗ ಬೆಲೆ ಕಟ್ಟುವುದು ಕೋಟ್ಯಂತರ ಸ್ಥಿತಿಗಳನ್ನು ನೋಡಿ ಪಳಗಿದ ಜಾಲ. ಅದರ ತೀರ್ಪು ಹಿಂದಿಗಿಂತ ಎಷ್ಟೋ ಸೂಕ್ಷ್ಮ, ಆದರೆ ತೀರ್ಪಿಗೆ ಕಾರಣ ಕೇಳಿದರೆ ಹೇಳಲು ಅದರ ಬಳಿ ಏನೂ ಇಲ್ಲ.

ಅಂಕಿಯ ಅರ್ಥವೂ ಈ ನಡುವೆ ಬದಲಾಗಿದೆ, ಇದು ಹೆಚ್ಚಿನ ಪಾಲಕರಿಗೆ, ಕೆಲವು ಕೋಚ್‌ಗಳಿಗೂ ತಿಳಿದಿಲ್ಲ. "ಪ್ಲಸ್ ಒಂದು" ಎಂದರೆ ಒಂದು ಪದಾತಿಯಷ್ಟು ಮುಂದೆ ಎಂದು ನಾವೆಲ್ಲ ಕಲಿತಿದ್ದೆವು. 2022ರ ಕೊನೆಯಲ್ಲಿ ಬಂದ 15.1ನೇ ಆವೃತ್ತಿಯಿಂದ ಸ್ಟಾಕ್‌ಫಿಶ್ ತನ್ನ ಅಂಕಿಯನ್ನು ಗೆಲುವಿನ ಸಂಭವಕ್ಕೆ ಹೊಂದಿಸಿಕೊಂಡಿದೆ: ಸಮಬಲದ ಎರಡು ಎಂಜಿನ್‌ಗಳು ಆ ಸ್ಥಿತಿಯಿಂದ ಆಡಿದರೆ ಗೆಲುವಿನ ಸಂಭವ ಶೇ 50ರಷ್ಟು ಇರುವ ಕಡೆ ಅದು 1.00 ಎಂದು ತೋರಿಸುತ್ತದೆ. ಇಲ್ಲಿ "ಎರಡು ಎಂಜಿನ್‌ಗಳು" ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಬೇಕು. ಅರಸೀಕೆರೆಯ ಹನ್ನೆರಡು ವರ್ಷದ ಹುಡುಗಿ ಬೇಲೂರಿನ ನಿವೃತ್ತ ಮೇಷ್ಟರ ವಿರುದ್ಧ ಅದೇ ಸ್ಥಿತಿಯಲ್ಲಿ ಏನು ಮಾಡುತ್ತಾಳೆ ಎಂಬುದಕ್ಕೂ ಆ ಅಂಕಿಗೂ ನೇರ ಸಂಬಂಧವಿಲ್ಲ.

ಇನ್ನು ತೂಕದ ಚೀಟಿ, ಅಂದರೆ ಟೇಬಲ್‌ಬೇಸ್. ಇದರ ಉಪಾಯ ಎಂಜಿನ್ನಿನದಕ್ಕೆ ತದ್ವಿರುದ್ಧ. ಎಂಜಿನ್ ಈಗಿರುವ ಸ್ಥಿತಿಯಿಂದ ಮುಂದಕ್ಕೆ ನೋಡುತ್ತದೆ. ಟೇಬಲ್‌ಬೇಸ್ ಕಟ್ಟುವವರು ಆಟ ಮುಗಿದ ಕಡೆಯಿಂದ ಹಿಂದಕ್ಕೆ ಬರುತ್ತಾರೆ. ನಿಗದಿತ ಕಾಯಿಗಳಿಂದ ಹಲಗೆಯ ಮೇಲೆ ಆಗಬಹುದಾದ ಎಲ್ಲ ಸ್ಥಿತಿಗಳನ್ನೂ ಪಟ್ಟಿ ಮಾಡಿ, ಅವುಗಳಲ್ಲಿ ಮೇಟ್ ಆದವನ್ನು ಗುರುತಿಸುತ್ತಾರೆ. ಆಮೇಲೆ ಒಂದು ನಡೆಯಲ್ಲಿ ಮೇಟ್‌ಗೆ ತಲುಪಿಸುವ ಸ್ಥಿತಿಗಳು, ಯಾವ ನಡೆ ನಡೆದರೂ ಅಂಥ ಸ್ಥಿತಿಗೇ ಬೀಳುವ ಸ್ಥಿತಿಗಳು, ಅದಕ್ಕೂ ಹಿಂದಿನವು. ಹೀಗೆ ಹೊಸದಾಗಿ ಯಾವುದೂ ಸೇರದ ಹಂತ ಬರುವವರೆಗೆ ಹಿಂದೆ ಸರಿದು, ಕೊನೆಗೆ ಗುರುತು ಬೀಳದೆ ಉಳಿದವೆಲ್ಲ ಡ್ರಾ. ಇಲ್ಲಿ ಅಂದಾಜಿಗೆ ಜಾಗವೇ ಇಲ್ಲ. ಹುಡುಗನ ಐದು ಕಾಯಿಗಳ ಸ್ಥಿತಿಯನ್ನು ನಾವು ಲಿಚೆಸ್ ಎಂಬ ಉಚಿತ ಚದುರಂಗ ಜಾಲತಾಣದ ಟೇಬಲ್‌ಬೇಸಿಗೆ ಹಾಕಿದಾಗ ಬಂದ "ಡ್ರಾ" ಎಂಬ ಉತ್ತರಕ್ಕೆ ಮೇಲ್ಮನವಿ ಇರಲಿಲ್ಲ.

ಈ ವಿದ್ಯೆ ಮನುಷ್ಯರ ಜಂಬ ಇಳಿಸಿದ ಕಥೆಯೊಂದಿದೆ. ಎರಡು ಒಂಟೆಗಳು ಒಂದು ಕುದುರೆಯ ವಿರುದ್ಧ, ಪದಾತಿಗಳಿಲ್ಲ. ಕುದುರೆಯ ಕಡೆಯವನು ಒಂದು ನಿರ್ದಿಷ್ಟ ಕೋಟೆ ಕಟ್ಟಿಕೊಂಡರೆ ಸೋಲುವುದಿಲ್ಲ ಎಂದು ಕ್ಲಿಂಗ್ ಮತ್ತು ಹಾರ್ವಿಟ್ಸ್ 1851ರಲ್ಲಿ ಹೇಳಿದ್ದನ್ನು ಪುಸ್ತಕಗಳು ನೂರು ವರ್ಷಕ್ಕೂ ಮೀರಿ ಒಪ್ಪಿಕೊಂಡು ಬಂದಿದ್ದವು. 1983ರಲ್ಲಿ ಕೆನ್ ಥಾಂಪ್ಸನ್, ಯುನಿಕ್ಸ್ ಕಟ್ಟಿದವರಲ್ಲೊಬ್ಬರು, ಈ ಎಂಡ್‌ಗೇಮನ್ನು ಕಂಪ್ಯೂಟರಿನಲ್ಲಿ ಪೂರ್ತಿ ಬಿಡಿಸಿದಾಗ ಅದು ಸಾಮಾನ್ಯವಾಗಿ ಗೆಲುವೆಂದೂ, ಕೆಲವು ಸ್ಥಿತಿಗಳಲ್ಲಿ 66 ನಡೆಗಳವರೆಗೆ ಹಿಡಿಯುತ್ತದೆಂದೂ ಗೊತ್ತಾಯಿತು. ಆಮೇಲೆ ತೊಡಕು ಹುಟ್ಟಿತು. ಪದಾತಿ ಕದಲದೆ, ಕಾಯಿ ಹೊಡೆಯದೆ 50 ನಡೆ ಕಳೆದರೆ ಡ್ರಾ ಕೇಳಬಹುದೆಂಬ ನಿಯಮವಿದ್ದಾಗ 66 ನಡೆಯ ಗೆಲುವಿಗೆ ಏನು ಬೆಲೆ? ವಿಶ್ವ ಚದುರಂಗ ಒಕ್ಕೂಟವಾದ ಫಿಡೆ 1980ರ ದಶಕದಲ್ಲಿ ಕೆಲವು ಎಂಡ್‌ಗೇಮುಗಳಿಗೆ ಮಿತಿಯನ್ನು ಹಿಗ್ಗಿಸಿತು, ಹಿಗ್ಗಿಸಿದ್ದನ್ನು ಕುಗ್ಗಿಸಿತು, ಕೊನೆಗೆ 1992ರಲ್ಲಿ ವಿನಾಯಿತಿಗಳನ್ನೆಲ್ಲ ತೆಗೆದು ಮತ್ತೆ 50ಕ್ಕೇ ಬಂದು ನಿಂತಿತು. ನನಗೆ ಕೇಳಿದರೆ ಅದೇ ಸರಿ. ಮಧ್ಯಾಹ್ನದ ಊಟ ಬಿಟ್ಟು ಕೂತ ಆರ್ಬಿಟರ್‌ಗಳ ಮೇಲೂ ಸ್ವಲ್ಪ ಕರುಣೆ ಬೇಕು.

ಕಾಯಿ ಒಂದು ಹೆಚ್ಚಿದರೆ ಕಡತ ಎಷ್ಟು ಊದುತ್ತದೆ ಎಂಬುದನ್ನು ನೋಡಿದರೆ ಈ ದಾರಿ ಎಲ್ಲಿಯವರೆಗೆ ಸಾಗಬಹುದೆಂದು ತಿಳಿಯುತ್ತದೆ. ರೊನಾಲ್ಡ್ ಡಿ ಮಾನ್ 2013ರಲ್ಲಿ ಹೊರತಂದ ಸಿಝಿಗಿ ಎಂಬ ಮಾದರಿಯಲ್ಲಿ ಐದು ಕಾಯಿಗಳವರೆಗಿನ ಕಡತ 1 ಜಿಬಿಗೂ ಕಡಿಮೆ, ಆರಕ್ಕೆ ಸುಮಾರು 150 ಜಿಬಿ, 2018ರಲ್ಲಿ ಮುಗಿದ ಏಳು ಕಾಯಿಗಳದಕ್ಕೆ ಸುಮಾರು 18 ಟೆರಾಬೈಟ್. ಅದಕ್ಕೆ ಮುಂಚೆ, 2012ರಲ್ಲಿ, ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಸೂಪರ್‌ಕಂಪ್ಯೂಟರಿನಲ್ಲಿ ಮೇಟ್‌ವರೆಗಿನ ನಡೆಗಳನ್ನು ಎಣಿಸುವ ಏಳು ಕಾಯಿಗಳ ಪಟ್ಟಿ ಕಟ್ಟಿದಾಗ ಅದು 140 ಟೆರಾಬೈಟ್ ಆಗಿತ್ತು. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ 549ನೇ ನಡೆಯಲ್ಲಿ ಮೇಟ್ ಆಗುವ ಸ್ಥಿತಿಯೊಂದು ಅದರಲ್ಲಿ ಸಿಕ್ಕಿತು. ಏಳು ಕಾಯಿಗಳಲ್ಲಿ ಸಾಧ್ಯವಿರುವ ಸ್ಥಿತಿಗಳು ಸುಮಾರು 424 ಲಕ್ಷ ಕೋಟಿ. ಎಂಟರ ಪೂರ್ಣ ಪಟ್ಟಿ ಇನ್ನೂ ಕೈಗೆ ಬಂದಿಲ್ಲ.

ಈ ಗಾತ್ರದ ಲೆಕ್ಕ ನಮ್ಮಲ್ಲಿ ಬರೀ ಕುತೂಹಲದ ವಿಷಯವಲ್ಲ. ಜುಲೈ ತಿಂಗಳಲ್ಲಿ ಮಲೆನಾಡಿನ ತೋಟದ ಮನೆಗಳಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಏಳು ಕಾಯಿಗಳ ಟೇಬಲ್‌ಬೇಸ್ ಉಚಿತವಾಗಿ ಸಿಗುವುದು ಇಂಟರ್ನೆಟ್ಟಿನಲ್ಲಿ. ಆದ್ದರಿಂದ ನಾವು ಮಕ್ಕಳಿಗೆ ಹಾಸನಕ್ಕೆ ಬಂದಾಗಲೇ ಐದು ಕಾಯಿಗಳ ಕಡತವನ್ನು ಲ್ಯಾಪ್‌ಟಾಪಿಗೋ ಫೋನಿಗೋ ಇಳಿಸಿಕೊಂಡು ಹೋಗಲು ಹೇಳುತ್ತೇವೆ. ಒಂದು ಸಿನಿಮಾ ಹಿಡಿಯುವಷ್ಟು ಜಾಗ ಸಾಕು. ಆನೆ ಮತ್ತು ಪದಾತಿ ಆನೆಯ ವಿರುದ್ಧ, ರಾಜನೊಡನೆ ಎರಡು ಪದಾತಿ ಒಂದು ಪದಾತಿಯ ವಿರುದ್ಧ, ಆನೆ ಮತ್ತು ಒಂಟೆ ಆನೆಯ ವಿರುದ್ಧ: ನಿಜವಾದ ಟೂರ್ನಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕೊನೆಯಾಟಗಳಲ್ಲಿ ಎಷ್ಟೋ ಈ ಐದರೊಳಗೇ ಇವೆ.

ಟೇಬಲ್‌ಬೇಸಿನ ಉತ್ತರ ಖಚಿತವಾದರೂ ಅದನ್ನು ಓದಲು ಕಲಿಯಬೇಕು. ಸಿಝಿಗಿ ಮೇಟ್‌ಗೆ ಎಷ್ಟು ನಡೆ ಎಂದು ಎಣಿಸುವುದಿಲ್ಲ; ಮುಂದಿನ ಪದಾತಿ ನಡೆಗೆ ಅಥವಾ ಕಾಯಿ ಹೊಡೆತಕ್ಕೆ, ಅಂದರೆ 50ರ ಎಣಿಕೆ ಮತ್ತೆ ಸೊನ್ನೆಗೆ ಬರುವುದಕ್ಕೆ, ಎಷ್ಟು ದೂರ ಎಂದು ಎಣಿಸುತ್ತದೆ. ಆದ್ದರಿಂದ ಅದು "ಅತ್ಯುತ್ತಮ" ಎಂದು ಮೇಲೆ ತೋರಿಸುವ ನಡೆ ಕೆಲವೊಮ್ಮೆ ವಿಚಿತ್ರವಾಗಿರುತ್ತದೆ. ನಿಧಾನವಾಗಿ ರಾಜನನ್ನು ತಂದು ಗೆಲ್ಲಬಹುದಾದಲ್ಲಿ ಕಾಯಿಯೊಂದನ್ನು ಎಸೆದು ಎಣಿಕೆಯನ್ನು ಬೇಗ ಸೊನ್ನೆ ಮಾಡುವ ದಾರಿ ಅದಕ್ಕೆ ಹತ್ತಿರದ್ದಾಗಿ ಕಾಣುತ್ತದೆ. ಗೆಲುವು ಗೆಲುವೇ, ಆದರೆ ಮಗು ಅದನ್ನು ನೋಡಿ ಕಲಿಯಲಾಗದು. ಇನ್ನೊಂದು, ಶಾಪಗ್ರಸ್ತ ಗೆಲುವು ಎಂದು ಕರೆಯಬಹುದಾದದ್ದು: ಸ್ಥಿತಿ ತತ್ವಶಃ ಗೆಲುವು, ಆದರೆ 50 ನಡೆಯ ನಿಯಮದೊಳಗೆ ಮುಗಿಯದು. ಮೇಲೆ ಹೇಳಿದ ಎರಡು ಒಂಟೆಗಳ ಕೆಲವು ಸ್ಥಿತಿಗಳು ಇಂಥವು. ಪರದೆಯ ಮೇಲೆ ಈ ಎರಡು ಬಗೆಯ ಗೆಲುವುಗಳಿಗೆ ಬೇರೆ ಬೇರೆ ಗುರುತು ಇರುತ್ತದೆ, ಆತುರದಲ್ಲಿ ಅದು ಕಣ್ತಪ್ಪುತ್ತದೆ.

ಏಳಕ್ಕಿಂತ ಹೆಚ್ಚು ಕಾಯಿಗಳಿರುವ ಕೊನೆಯಾಟವೇ ನಿಜವಾದ ಕಗ್ಗಂಟು. ಅಲ್ಲಿ ಟೇಬಲ್‌ಬೇಸ್ ದೂರದಲ್ಲಿ ಕಾಣುತ್ತದೆ, ಎಂಜಿನ್ ತನ್ನ ಹುಡುಕಾಟದ ಕೊನೆಯಲ್ಲಿ ಅದನ್ನು ಆಗೀಗ ಮುಟ್ಟುತ್ತದೆ, ಉಳಿದದ್ದೆಲ್ಲ ಕಣ್ಣಂದಾಜು. ಈ ಪ್ರದೇಶದಲ್ಲಿ ಎಂಜಿನ್ ಮುಗ್ಗರಿಸುವ ಜಾಗಗಳು ಗೊತ್ತಿರುವಂಥವೇ, ಅವುಗಳಲ್ಲಿ ಮೊದಲನೆಯದು ಕೋಟೆ. ಭೌತವಿಜ್ಞಾನಿ ರೋಜರ್ ಪೆನ್‌ರೋಸ್ 2017ರಲ್ಲಿ ಮುಂದಿಟ್ಟ ಸ್ಥಿತಿಯೊಂದರಲ್ಲಿ ಬಿಳಿಗೆ ರಾಜ ಮತ್ತು ನಾಲ್ಕು ಪದಾತಿ ಮಾತ್ರ. ಕಪ್ಪಿಗೆ ಮಂತ್ರಿ, ಎರಡು ಆನೆ, ಮೂರು ಒಂಟೆ, ಐದು ಪದಾತಿ. ಎಂಜಿನ್‌ಗಳು ಕಪ್ಪಿಗೆ ಭಾರೀ ಅಂಕಿ ಕೊಟ್ಟವು. ಹಲಗೆಯನ್ನು ಎರಡು ನಿಮಿಷ ದಿಟ್ಟಿಸಿ ನೋಡಿದ ಯಾರಿಗಾದರೂ ಬೇರೆಯದೇ ಕಾಣುತ್ತದೆ: ಮಂತ್ರಿಯೂ ಆನೆಗಳೂ ತಮ್ಮದೇ ಪದಾತಿಗಳ ಹಿಂದೆ ಮೂಲೆಯಲ್ಲಿ ಸಿಕ್ಕಿಕೊಂಡಿವೆ, ಮೂರೂ ಒಂಟೆಗಳು ಕಪ್ಪು ಮನೆಯವು, ಬಿಳಿ ರಾಜ ಬಿಳಿ ಮನೆಗಳ ಮೇಲೆ ತಿರುಗಾಡಿಕೊಂಡಿದ್ದರೆ ಅವನನ್ನು ಮುಟ್ಟುವವರಿಲ್ಲ. ಆ ಸ್ಥಿತಿ ಬೇಕೆಂದೇ ಹೆಣೆದದ್ದು, ನಿಜವಾದ ಆಟದಲ್ಲಿ ಮೂರು ಕಪ್ಪು ಒಂಟೆಗಳನ್ನು ಯಾರೂ ನೋಡುವುದಿಲ್ಲ. ಆದರೆ ಬೇರೆ ಬಣ್ಣದ ಒಂಟೆಗಳ ಎಂಡ್‌ಗೇಮಿನಲ್ಲಿ ಎರಡು ಪದಾತಿ ಹೆಚ್ಚಿದ್ದೂ ಒಳನುಗ್ಗಲಾಗದ ಸ್ಥಿತಿಗಳು ಹಾಸನದ ಟೂರ್ನಿಗಳಲ್ಲೂ ಬರುತ್ತವೆ, ಅಲ್ಲೂ ಪಟ್ಟಿ ಒಂದೇ ಕಡೆ ವಾಲಿಕೊಂಡಿರುತ್ತದೆ.

ಕೋಟೆಯನ್ನು ಗುರುತಿಸಲು ನಾವು ಬಳಸುವ ಪರೀಕ್ಷೆ ತೀರ ಸರಳ. ಎಂಜಿನ್ ಸೂಚಿಸುವ ನಡೆಗಳನ್ನು ಎರಡೂ ಕಡೆಗೆ ಇಪ್ಪತ್ತು ಸಲ ಆಡುತ್ತಾ ಹೋಗಿ, ಅಂಕಿಯ ಮೇಲೆ ಕಣ್ಣಿಡುವುದು. ನಿಜವಾದ ಗೆಲುವಾಗಿದ್ದರೆ ಅಂಕಿ ಏರುತ್ತದೆ, ಏಕೆಂದರೆ ಏನೋ ಒಂದು ಮುಂದುವರಿಯುತ್ತಿರುತ್ತದೆ. ಕೋಟೆಯಾಗಿದ್ದರೆ ಅಂಕಿ ಮೂರರಲ್ಲೋ ನಾಲ್ಕರಲ್ಲೋ ಕೂತಲ್ಲೇ ಕೂತಿರುತ್ತದೆ, ಎಂಜಿನ್ ಆನೆಯನ್ನು ಅತ್ತಿತ್ತ ಆಡಿಸುತ್ತದೆ, 50ರ ಎಣಿಕೆ ಹತ್ತಿರವಾದಂತೆ ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ. ಮಂಡಿಯಲ್ಲಿ ಮೂರು ದಿನ ಒಂದೇ ಬೆಲೆ ಕೂಗಿ ಗಿರಾಕಿ ಬಾರದಿದ್ದರೆ ಆ ಬೆಲೆಯನ್ನು ನಂಬುವವರು ಯಾರು?

ಎರಡನೆಯದು ಜುಗ್‌ಸ್ವಾಂಗ್, ಅಂದರೆ ನಡೆಯದೆ ಕೂರಬಹುದಾಗಿದ್ದರೆ ಬದುಕುತ್ತಿದ್ದವನು ನಡೆಯಲೇಬೇಕಾದ್ದರಿಂದ ಸಾಯುವ ಪೇಚು. ಎಂಜಿನ್‌ಗಳು ವೇಗಕ್ಕಾಗಿ ಒಂದು ಒಳದಾರಿ ಹಿಡಿಯುತ್ತವೆ: "ನಾನು ಈ ಸರದಿಯನ್ನು ಬಿಟ್ಟುಕೊಟ್ಟರೂ ನನ್ನ ಸ್ಥಿತಿ ಚೆನ್ನಾಗಿದ್ದರೆ, ಈ ಕವಲನ್ನು ಮುಂದೆ ನೋಡುವ ಅಗತ್ಯವಿಲ್ಲ" ಎಂಬ ತರ್ಕ. ಮಧ್ಯದಾಟದಲ್ಲಿ ಅದು ಅದ್ಭುತವಾಗಿ ಕೆಲಸ ಮಾಡುತ್ತದೆ. ಜುಗ್‌ಸ್ವಾಂಗ್ ಇರುವ ಕಡೆ ಆ ತರ್ಕದ ಬುಡವೇ ಅಲುಗಾಡುತ್ತದೆ, ಅಲ್ಲಿ ಸರದಿ ಬಿಟ್ಟುಕೊಡುವುದೇ ಎಲ್ಲಕ್ಕಿಂತ ದೊಡ್ಡ ವರ. ಅದಕ್ಕೇ ರಾಜ ಮತ್ತು ಪದಾತಿಗಳಷ್ಟೇ ಉಳಿದಾಗ ಎಂಜಿನ್‌ಗಳು ಈ ಒಳದಾರಿಯನ್ನು ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತವೆ. ಮೂರನೆಯದು ಹುಡುಕಾಟದಲ್ಲಿ ಮೊದಲ ನೋಟಕ್ಕೇ ಕತ್ತರಿಸಿಹೋಗುವ ನಡೆಗಳು. 1998ರಲ್ಲಿ ಸ್ಪೇನಿನ ಲಿನಾರೆಸ್ ಟೂರ್ನಿಯಲ್ಲಿ ಟೊಪಲೊವ್ ವಿರುದ್ಧ ಅಲೆಕ್ಸಿ ಶಿರೊವ್ 47ನೇ ನಡೆಯಲ್ಲಿ ತನ್ನ ಒಂಟೆಯನ್ನು ಎಚ್3ರಲ್ಲಿ ಪದಾತಿಯ ಬಾಯಿಗೆ ಇಟ್ಟರು, ರಾಜನಿಗೆ ಎಫ್5ರ ದಾರಿ ಬಿಡಿಸಿಕೊಳ್ಳಲು. ಅಂದಿನ ಎಂಜಿನ್‌ಗಳಿಗೆ ಅದು ಹೊಳೆಯುತ್ತಿರಲಿಲ್ಲ. ಇಂದಿನವು ಕಂಡುಕೊಳ್ಳುತ್ತವೆ; ಹಾಗಾಗಿ ಈ ಮೂರನೆಯದನ್ನು ನಾನು ಈಗ ದೊಡ್ಡದು ಮಾಡುವುದಿಲ್ಲ.

ಎಂಜಿನ್ ಸರಿಯಾದ ನಡೆಯನ್ನೇ ತೋರಿಸಿದಾಗಲೂ ಕಲಿಕೆ ಮುಗಿಯುವುದಿಲ್ಲ ಎಂಬುದಕ್ಕೆ ನಾನು ಮಕ್ಕಳಿಗೆ ಕೊಡುವ ಸ್ಥಿತಿ 1901ರ ಲಾಸ್ಕರ್ ಮತ್ತು ರೈಕ್‌ಹೆಲ್ಮ್ ಅವರದು. ಬಿಳಿ ರಾಜ ಎ1ರಲ್ಲಿ, ಪದಾತಿಗಳು ಎ4, ಡಿ4, ಡಿ5, ಎಫ್4ರಲ್ಲಿ. ಕಪ್ಪು ರಾಜ ಎ7ರಲ್ಲಿ, ಪದಾತಿಗಳು ಎ5, ಡಿ6, ಎಫ್5ರಲ್ಲಿ. ಪದಾತಿಗಳೆಲ್ಲ ಒಂದಕ್ಕೊಂದು ಬೀಗ ಹಾಕಿಕೊಂಡಿವೆ, ನಡೆಯುವುದು ರಾಜರಷ್ಟೇ. ರೂಬೆನ್ ಫೈನ್ ಅವರ 1941ರ ಎಂಡ್‌ಗೇಮ್ ಪುಸ್ತಕದಲ್ಲಿ 70ನೇ ಚಿತ್ರವಾಗಿದ್ದುದರಿಂದ ಎಂಜಿನ್ ಬರೆಯುವವರು ಇದನ್ನು ಫೈನ್ 70 ಎಂದೇ ಕರೆದು, ತಮ್ಮ ಪ್ರೋಗ್ರಾಮಿನ ನೆನಪಿನ ಪಟ್ಟಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಬಳಸುತ್ತಾರೆ. ರಾಜರು ಯಾವ ದಾರಿಯಲ್ಲಿ ಬಂದರೂ ತಲುಪುವ ಸ್ಥಿತಿಗಳು ಮತ್ತೆ ಮತ್ತೆ ಅವೇ ಆಗಿರುವುದರಿಂದ, ಒಮ್ಮೆ ನೋಡಿದ್ದನ್ನು ನೆನಪಿಟ್ಟುಕೊಳ್ಳುವ ಎಂಜಿನ್ ಬಹಳ ಆಳಕ್ಕೆ ಬೇಗ ಇಳಿಯುತ್ತದೆ. ಫೋನಿನ ಎಂಜಿನ್ ಕೂಡ ಇಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ: ರಾಜ ಬಿ1ಕ್ಕೆ.

ಯಾಕೆ ಬಿ1? ಮುಂದೆ ಹೋಗಬೇಕಾದ ರಾಜ ಪಕ್ಕಕ್ಕೆ ಸರಿದದ್ದು ಯಾಕೆ? ಎಂಜಿನ್ ಬಾಯಿ ಬಿಡುವುದಿಲ್ಲ. ಇಲ್ಲಿ ನಾವು ಅದನ್ನು ಪಾಟೀಸವಾಲಿಗೆ ಒಡ್ಡುತ್ತೇವೆ. ಬಿಳಿ ರಾಜನಿಗೆ ಒಳನುಗ್ಗಲು ಎರಡು ಬಾಗಿಲಿವೆ: ಎಡಗಡೆ ಸಿ4ರ ಮೂಲಕ ಬಿ5, ಬಲಗಡೆ ಎಚ್4ರ ಮೂಲಕ ಜಿ5. ಬಿಳಿ ರಾಜ ಸಿ4ಕ್ಕೆ ಬಂದು ನಿಂತಾಗ ಕಪ್ಪು ರಾಜ ಬಿ6ರಲ್ಲಿ ಇರಬೇಕು. ಹಾಗಾದರೆ ಬಿಳಿ ರಾಜ ಸಿ4ಕ್ಕೂ ಬಲಗಡೆಯ ದಾರಿಗೂ ಹೊಂದಿಕೊಂಡಿರುವ ಡಿ3ರಲ್ಲಿದ್ದಾಗ ಕಪ್ಪು ರಾಜ ಎಲ್ಲಿರಬೇಕು? ಹುಡುಗರು ಬಿಳಿ ರಾಜನನ್ನು ಡಿ3ರಲ್ಲಿಟ್ಟು, ನಡೆ ಬಿಳಿಯದೆಂದು ಮಾಡಿ, ಕಪ್ಪು ರಾಜನನ್ನು ಒಂದೊಂದೇ ಮನೆಗೆ ಸರಿಸಿ ಎಂಜಿನ್ನನ್ನು ಕೇಳುತ್ತಾರೆ. ಸಿ7ರಲ್ಲಿ ಮಾತ್ರ ತಡೆ ನಿಲ್ಲುತ್ತದೆ. ಡಿ7ರಲ್ಲಿದ್ದರೆ ಬಿಳಿ ಸಿ4ಕ್ಕೆ ಹೋಗುತ್ತದೆ, ಕಪ್ಪು ರಾಜ ಸಿ7ಕ್ಕೆ ಬರುವಷ್ಟರಲ್ಲಿ ಬಿ5 ಕೈಬಿಟ್ಟಿರುತ್ತದೆ. ಬಿ7ರಲ್ಲಿದ್ದರೆ ಬಿಳಿ ಇ3, ಎಫ್3, ಜಿ3 ಎಂದು ಬಲಕ್ಕೆ ಓಡಿ ಎಚ್4 ತಲುಪಿದಾಗ ಕಪ್ಪು ರಾಜ ಜಿ6ಕ್ಕೆ ಒಂದು ಹೆಜ್ಜೆ ಹಿಂದಿರುತ್ತಾನೆ. ಡಿ3ಕ್ಕೆ ಸಿ7 ಜೋಡಿ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಸಿ3ಕ್ಕೆ ಜೋಡಿ ಯಾವುದು? ಬಿ6ಕ್ಕೂ ಸಿ7ಕ್ಕೂ ಒಂದೇ ಹೆಜ್ಜೆಯಲ್ಲಿ ಹೋಗಬಲ್ಲ ಮನೆ, ಅಂದರೆ ಬಿ7. ಹೀಗೆ ಹಿಂದೆ ಹಿಂದೆ ಬರುತ್ತಾ ಜೋಡಿಗಳ ನಕ್ಷೆ ಎ1ರ ಮೂಲೆಯವರೆಗೆ ತುಂಬಿಕೊಂಡಾಗ ಬಿ1ರ ನಡೆ ತಾನಾಗಿಯೇ ಅರ್ಥವಾಗುತ್ತದೆ. ನಮ್ಮಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಈ ನಕ್ಷೆಯನ್ನು ಎರಡು ಬಣ್ಣದ ಪೆನ್ನಿನಲ್ಲಿ ರಂಗೋಲಿಯ ಚುಕ್ಕಿಗಳಂತೆ ಹಾಕಿಕೊಂಡು ಬಂದಿದ್ದಳು, ಅವಳಿಗೆ ನಾನು ಮತ್ತೇನನ್ನೂ ವಿವರಿಸಬೇಕಾಗಲಿಲ್ಲ.

ನನ್ನ ದೃಷ್ಟಿಯಲ್ಲಿ ಎಂಜಿನ್ನಿನ ಸರಿಯಾದ ಬಳಕೆ ಇದೇ. ಅದಕ್ಕೆ ಉತ್ತರ ಗೊತ್ತು, ಕಾರಣ ಗೊತ್ತಿಲ್ಲ; ಕಾರಣವನ್ನು ನಾವು ಪ್ರಶ್ನೆ ಬದಲಿಸಿ ಬದಲಿಸಿ ಹೊರಗೆಳೆಯಬೇಕು. ಪದಾತಿಯೊಂದನ್ನು ಪಕ್ಕದ ಸಾಲಿಗೆ ಸರಿಸಿದರೆ ಫಲಿತಾಂಶ ಬದಲಾಗುತ್ತದೆಯೇ? ನಡೆ ಎದುರಾಳಿಯದಾಗಿದ್ದರೆ? ಆನೆಗಳೆರಡೂ ಹೋದರೆ? ಹಿಂದೆ ಆಟಗಳನ್ನು ಮಧ್ಯದಲ್ಲಿ ನಿಲ್ಲಿಸಿ, ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು, ಮರುದಿನ ಮುಂದುವರಿಸುವ ಪದ್ಧತಿಯಿತ್ತು. ಆ ರಾತ್ರಿ ಆಟಗಾರರೂ ಅವರ ಸಹಾಯಕರೂ ನಿದ್ದೆಗೆಟ್ಟು ಮಾಡುತ್ತಿದ್ದುದು ಇದನ್ನೇ. ಕಂಪ್ಯೂಟರುಗಳು ಬಲಿತ ಮೇಲೆ 1990ರ ದಶಕದಲ್ಲಿ ಆ ಪದ್ಧತಿ ಮರೆಯಾಯಿತು, ಅದರೊಂದಿಗೆ ಕೊನೆಯಾಟವನ್ನು ರಾತ್ರಿಯಿಡೀ ಅಗೆಯುವ ಅಭ್ಯಾಸವೂ ಹೋಯಿತು.

ಇನ್ನು ಉಳಿದದ್ದು ಎಂಜಿನ್ನಾಗಲಿ ಟೇಬಲ್‌ಬೇಸಾಗಲಿ ಅಳೆಯದ ಸಂಗತಿ, ಮನುಷ್ಯನಿಗೆ ಆ ಸ್ಥಿತಿ ಎಷ್ಟು ಕಷ್ಟ ಎಂಬುದು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ 14ನೇ ಆಟ. ಡಿಂಗ್ ಲಿರೆನ್ ಮತ್ತು ಗುಕೇಶ್ ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್‌ಗೆ ಒಂದು ಪದಾತಿ ಹೆಚ್ಚು. ಎಂಜಿನ್‌ಗಳ ಪ್ರಕಾರ ಡ್ರಾ, ನೋಡುತ್ತಿದ್ದವರಲ್ಲಿ ಬಹಳ ಮಂದಿ ಟೈಬ್ರೇಕಿನ ಲೆಕ್ಕ ಶುರು ಮಾಡಿದ್ದರು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಆನೆಗಳನ್ನು ಬದಲಾಯಿಸಿಕೊಂಡು, ಒಂಟೆಯನ್ನು ಡಿ5ರಲ್ಲಿಟ್ಟರು. ಎ8ರ ಮೂಲೆಯಲ್ಲಿದ್ದ ಡಿಂಗ್‌ರ ಒಂಟೆಗೆ ಬದಲಾವಣೆಯನ್ನು ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಉಳಿದದ್ದು ರಾಜ ಮತ್ತು ಪದಾತಿಗಳು, 58ನೇ ನಡೆಗೆ ಆಟ ಮುಗಿಯಿತು. ನೂರಾರು ಸಲ 0.00 ಎಂದು ತೋರಿಸಿದ್ದ ಪರದೆ, ಆ ಮೂಲೆಯ ಒಂಟೆಯ ಅಪಾಯವನ್ನು ಒಮ್ಮೆಯೂ ಹೇಳಿರಲಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ, ಅದರ ಲೆಕ್ಕದಲ್ಲಿ ಆನೆಯನ್ನು ಎಫ್2ಕ್ಕೆ ಇಡುವವರೇ ಇಲ್ಲ.

ಇದರ ಇನ್ನೊಂದು ಮಗ್ಗುಲು 2018ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಡಿತ್ತು. ಕಾರ್ಲ್‌ಸನ್ ವಿರುದ್ಧದ ಆರನೇ ಆಟದಲ್ಲಿ ಕರುವಾನಾ 68ನೇ ನಡೆಯಲ್ಲಿ ಒಂಟೆಯನ್ನು ಎಚ್4ಕ್ಕೆ ಇಟ್ಟಿದ್ದರೆ ಬಲವಂತದ ಗೆಲುವಿತ್ತೆಂದು ನಾರ್ವೆಯ ಸೆಸ್ಸೆ ಎಂಬ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಸ್ಟಾಕ್‌ಫಿಶ್ ತೋರಿಸಿತು. ಆ ಗೆಲುವಿನ ದಾರಿಯಲ್ಲಿ ಕುದುರೆಯನ್ನು ತಾನಾಗಿಯೇ ಮೂಲೆಯ ಪಕ್ಕದ ಜಿ1ಕ್ಕೆ ಕೊಂಡೊಯ್ದು ಸಿಕ್ಕಿಸಬೇಕಿತ್ತು, ಮೇಟ್ ಇನ್ನೂ ಮೂವತ್ತಕ್ಕೂ ಹೆಚ್ಚು ನಡೆಗಳ ಆಚೆಗಿತ್ತು. ಕರುವಾನಾ ಅದನ್ನು ತಪ್ಪಿಸಿಕೊಂಡರೆಂದು ಬರೆದವರಿದ್ದಾರೆ. ಕಾಣಲು ಸಾಧ್ಯವಿರದ್ದನ್ನು ತಪ್ಪಿಸಿಕೊಂಡರೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಈ ಕಷ್ಟವನ್ನು ಸ್ವಲ್ಪಮಟ್ಟಿಗಾದರೂ ಎಂಜಿನ್ನಿನಿಂದಲೇ ಅಳೆಯುವ ಉಪಾಯವೊಂದಿದೆ. ಒಂದೇ ನಡೆಯ ಬದಲು ಐದು ನಡೆಗಳನ್ನು ಸಾಲಾಗಿ ತೋರಿಸುವಂತೆ ಅದನ್ನು ಹೊಂದಿಸಬೇಕು. ಐದರಲ್ಲಿ ನಾಲ್ಕು ನಡೆಗಳು 0.00 ಎಂದಿದ್ದರೆ ಆ ಡ್ರಾ ಮನುಷ್ಯನಿಗೂ ಡ್ರಾ. ಮೊದಲನೆಯದು 0.00, ಉಳಿದ ನಾಲ್ಕೂ ಸೋಲು ಎಂದಿದ್ದರೆ, ಅದರಲ್ಲೂ ಹೀಗೇ ನಾಲ್ಕೈದು ಸರದಿ ಮುಂದುವರಿದರೆ, ಕಿರಿದಾದ ಬದುವಿನ ಮೇಲೆ ನಡೆದಂತೆ. ನಮ್ಮಲ್ಲಿ ಈಗ ಸ್ಕೋರ್‌ಶೀಟಿನ ಪಕ್ಕದಲ್ಲಿ ಮಕ್ಕಳು ಅಂಕಿಯನ್ನು ಬರೆಯುವುದಿಲ್ಲ, ಆ ಸರದಿಯಲ್ಲಿ ಸ್ಥಿತಿಯನ್ನು ಉಳಿಸುವ ನಡೆಗಳು ಎಷ್ಟಿದ್ದವು ಎಂದು ಬರೆಯುತ್ತಾರೆ.

ಸಕಲೇಶಪುರದ ಹುಡುಗನ ಐದು ಕಾಯಿಗಳಿಗೆ ಮರಳುವುದಾದರೆ, ಟೇಬಲ್‌ಬೇಸ್ ಡ್ರಾ ಎಂದ ಮೇಲೂ ಅವನ ಮುಖದಲ್ಲಿ ಪೂರ್ತಿ ನಂಬಿಕೆ ಬಂದಿರಲಿಲ್ಲ. ಅವನನ್ನು ಬಿಳಿಯ ಕಡೆ ಕೂರಿಸಿ, ನಾವು ಮೂವರು ಸರದಿಯಂತೆ ಮಂತ್ರಿಯನ್ನು ಹಿಡಿದೆವು. ನಡೆಗಳನ್ನು ಹಳೆಯ ಪೇಪರಿನ ಅಂಚಿನಲ್ಲಿ ಗೀಟು ಹಾಕಿ ಎಣಿಸಿದೆವು. ಮೂವತ್ತೊಂದನೇ ನಡೆಯಲ್ಲಿ ಚೆಕ್ ಕೊಡುವ ಆಸೆಗೆ ಬಿದ್ದು ಆನೆಯನ್ನು ಮೂರನೇ ಸಾಲಿನಿಂದ ಹೊರಗೆ ತಂದ, ಎರಡೇ ನಡೆಯಲ್ಲಿ ಮಂತ್ರಿ ಅವನ ರಾಜನಿಗೂ ಆನೆಗೂ ಒಟ್ಟಿಗೆ ಗುರಿಯಿಟ್ಟಿತು. "ಇನ್ನೊಂದ್ಸಲ ಇಡಿ ಸರ್" ಎಂದ. ಎರಡನೇ ಸಲ ಐವತ್ತು ಗೀಟು ಮುಗಿಯುವ ಹೊತ್ತಿಗೆ ಅವನ ಊರಿನ ಬಸ್ಸಿಗೆ ಇಪ್ಪತ್ತು ನಿಮಿಷ ಉಳಿದಿತ್ತು, ಅವನ ಆನೆ ಎಚ್3ರಲ್ಲಿತ್ತು.